ಇಬ್ಬರು ಪೋಪರ ನಡುವಿನ ಬೇಸಿಗೆ

ಕಳೆದ ವಾರ ಕನ್ನಡಕದ ಫ್ರೇಮುಗಳನ್ನು ತರಲು ಆರ್.ಟಿ. ನಗರದ ಸಗಟು ಮಳಿಗೆಗೆ ಹೋಗಿದ್ದೆ. ಅದರ ಪಕ್ಕದಲ್ಲಿ ಒಂದು ಟೈಲರ್ ಅಂಗಡಿ. ಪುಟ್ಟ ಹುಡುಗಿಯರ ಬಿಳಿ ನೆಟ್ ಫ್ರಾಕುಗಳಿಗೆ ಪ್ಲಾಸ್ಟಿಕ್ ಹೊದಿಸಿ ಬಾಗಿಲಿಗೆ ತೂಗುಹಾಕಿದ್ದರು. ಹೊಸ ನೆಟ್ ಬಟ್ಟೆಗೆ ಗಂಜಿಯದೋ ಅಂಟಿನದೋ ಒಂದು ವಾಸನೆ ಇರುತ್ತದೆ. ಒಮ್ಮೆ ಒಗೆದರೆ ಹೋಗಿಬಿಡುತ್ತದೆ. ಆ ವಾಸನೆ ಮೂಗಿಗೆ ಬಡಿದದ್ದೇ, ಯಾವ ಕೆಲಸಕ್ಕೆ ಬಂದೆ ಎಂಬುದು ಸ್ವಲ್ಪ ಹೊತ್ತು ನೆನಪಾಗಲಿಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ನಮ್ಮ ಮನೆಯ ತುಂಬ ಇದೇ ವಾಸನೆ ಇತ್ತು.

ನಾನು ಕ್ರೈಸ್ತನಲ್ಲ. ಇದನ್ನು ಮೊದಲೇ ಹೇಳಬೇಕು. ಹೆಸರು ಮುನಿರಾಜು, ಜಕ್ಕೂರಿನ ಹಳೇ ಊರಿನವನು, ತಣಿಸಂದ್ರ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಹೆಂಡತಿ ಜೆಸಿಂತಾ ಕಥೋಲಿಕಳು. ಅವಳಿಗೆ ಇದು ಎರಡನೆಯ ಮದುವೆ. ಮೊದಲನೆಯ ಗಂಡ ಚರ್ಚಿನಲ್ಲಿ ತಾಳಿ ಕಟ್ಟಿ, ವರ್ಷ ಕಳೆಯುವುದರೊಳಗೆ ದುಬೈಗೆ ಹೋಗಿ, ಅಲ್ಲಿ ಬೇರೆ ಸಂಸಾರ ಹೂಡಿದ. ಕೋರ್ಟಿನಲ್ಲಿ ಅವಳಿಗೆ ವಿಚ್ಛೇದನ ಸಿಕ್ಕಿತು. ಆದರೆ ಚರ್ಚು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚರ್ಚಿಗೆ ಅದರದೇ ನ್ಯಾಯಮಂಡಳಿ ಇದೆ. ಆ ಮದುವೆ ಮೊದಲಿನಿಂದಲೇ ಮದುವೆಯಾಗಿರಲಿಲ್ಲ ಎಂದು ಅಲ್ಲಿ ತೋರಿಸಿಕೊಡಬೇಕು. ಜೆಸಿಂತಾಳ ಅರ್ಜಿ ಬಿದ್ದುಹೋಯಿತು. ಮದುವೆಯ ದಿನ ಏನೂ ತಪ್ಪಿರಲಿಲ್ಲ, ತಪ್ಪೆಲ್ಲ ಆಮೇಲಿನದು ಎಂಬುದು ಅವರ ತೀರ್ಮಾನ. ಅದಾದ ಮೇಲೆ ನಾವಿಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆವು.

ಚರ್ಚಿನ ಕಣ್ಣಿಗೆ ಅವಳು ಈಗಲೂ ಆ ದುಬೈಯವನ ಹೆಂಡತಿ. ನನ್ನ ಜೊತೆ ಇರುವವರೆಗೆ ಅವಳು ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. ಪೂಜೆಯ ಕೊನೆಯ ಭಾಗದಲ್ಲಿ ಪಾದ್ರಿಗಳು ಕೊಡುವ, ಅವರು ಕ್ರಿಸ್ತನ ದೇಹವೆಂದೇ ನಂಬುವ, ಆ ತೆಳುವಾದ ಬಿಳಿ ಅಪ್ಪವನ್ನು. ಅವಳು ಒಂದು ಭಾನುವಾರವೂ ಪೂಜೆ ತಪ್ಪಿಸುತ್ತಿರಲಿಲ್ಲ. ಎಲ್ಲರೂ ಎದ್ದು ಸಾಲಿನಲ್ಲಿ ಹೋಗುವಾಗ ಮೊಣಕಾಲು ಓರೆ ಮಾಡಿ ಪಕ್ಕದವರಿಗೆ ದಾರಿ ಬಿಟ್ಟು ಕೂತೇ ಇರುತ್ತಿದ್ದಳು. ನಾನೂ ಅವಳ ಪಕ್ಕ ಕೂತಿರುತ್ತಿದ್ದೆ. ಆ ಉದ್ದನೆಯ ಬೆಂಚಿನಲ್ಲಿ ಆಗ ನಾವಿಬ್ಬರೇ.

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಮಗಳು ನಿಶಾಳಿಗೆ ಮೊದಲ ಪರಮಪ್ರಸಾದ ಗೊತ್ತಾಗಿತ್ತು. ಆ ದಿನ ಮಕ್ಕಳು ಬಿಳಿ ಬಟ್ಟೆ ತೊಟ್ಟು, ಕೈಯಲ್ಲಿ ಮೇಣದಬತ್ತಿ ಹಿಡಿದು, ಅಪ್ಪ ಅಮ್ಮನ ನಡುವೆ ಪೀಠದವರೆಗೆ ನಡೆಯುತ್ತಾರೆ. ಮಗು ಮೊದಲು ತೆಗೆದುಕೊಳ್ಳುತ್ತದೆ, ಅದರ ಹಿಂದೆಯೇ ಅಪ್ಪ ಅಮ್ಮ. ನಮ್ಮ ಚರ್ಚಿನಲ್ಲಿ ಮೊದಲಿಂದಲೂ ಹಾಗೆಯೇ. ನನ್ನದು ಬಿಡಿ, ನಾನು ಬೇರೆಯವನು ಎಂದು ಎಲ್ಲರಿಗೂ ಗೊತ್ತು. ಜೆಸಿಂತಾ ಏನು ಮಾಡಬೇಕು?

ಆಗ ನಮ್ಮ ಚರ್ಚಿನಲ್ಲಿದ್ದ ಫಾದರ್ ನಿಧಾನದ ಮನುಷ್ಯ. ಆಗಿನ ಪೋಪ್ ಇಂಥವರ ವಿಷಯದಲ್ಲಿ ಸ್ವಲ್ಪ ದಾರಿ ಬಿಟ್ಟಿದ್ದಾರೆ, ಒಬ್ಬೊಬ್ಬರ ಬದುಕನ್ನೂ ಹತ್ತಿರದಿಂದ ನೋಡಿ ಎಂದಿದ್ದಾರೆ ಎಂದು ಅವರೇ ಅವಳನ್ನು ಕರೆದು ಹೇಳಿದರು. ತಪಸ್ಸಿನ ಕಾಲದುದ್ದಕ್ಕೂ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ಬುಧವಾರ ಸಂಜೆ ಅವಳನ್ನು ಕೂರಿಸಿಕೊಂಡು ಮಾತಾಡಿದರು. ಏನು ಮಾತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಸ್ಟರ್ ಭಾನುವಾರ ಅಂಗಡಿ ಬಿಡಲಾಗದೆ ನಾನು ಪೂಜೆಗೆ ಹೋಗಿರಲಿಲ್ಲ. ಪೂಜೆ ಮುಗಿದ ಮೇಲೆ ಅವಳು ಚರ್ಚಿನಿಂದ ನೇರ ಅಂಗಡಿಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಗಲ್ಲಾದ ಈಚೆ ನಿಂತು, ಗಿರಾಕಿಯ ಹಾಗೆ ಹೇಳಿದಳು.

"ಮಗಳ ಜೊತೆ ತಗೋಬಹುದಂತೆ ರೀ. ನಿಮ್ಮ ಮನಸ್ಸಾಕ್ಷಿ ಒಪ್ಪಿದ್ರೆ ಬನ್ನಿ ಅಮ್ಮ, ನಾನು ಇಲ್ಲ ಅನ್ನಲ್ಲ ಅಂದ್ರು ಫಾದರ್."

ಮರುದಿನ ಸೋಮವಾರ. ಗೊತ್ತಿದ್ದ ಒಬ್ಬ ಆಟೋ ಡ್ರೈವರ್, ಚರ್ಚಿನವನೇ, ಕಣ್ಣು ಪರೀಕ್ಷೆಗೆ ಬಂದಿದ್ದ. ಅವನ ಮುಖಕ್ಕೆ ಪರೀಕ್ಷೆಯ ದಪ್ಪ ಫ್ರೇಮ್ ಕೂರಿಸಿ ಗಾಜು ಬದಲಿಸುತ್ತಿದ್ದೆ. ಅವನ ಫೋನ್ ಸದ್ದು ಮಾಡಿತು. ನೋಡಿದವನೇ ಫೋನನ್ನು ತೊಡೆಯ ಮೇಲೆ ಮಗುಚಿಟ್ಟ.

"ಪೋಪ್ ಹೋಗ್ಬಿಟ್ರಂತಣ್ಣ," ಅಂದ. "ನಿನ್ನೆ ತಾನೇ ಗಾಡೀಲಿ ಜನರ ಮಧ್ಯ ಓಡಾಡಿದ್ರಲ್ಲ. ಟಿವೀಲಿ ನೋಡಿದ್ನಲ್ಲ ನಾನು."

ಫ್ರೇಮಿನ ಕೆಳಗಿನಿಂದ ನೀರು ಇಳಿಯತೊಡಗಿತು. ಅದನ್ನು ಬಿಚ್ಚಿ ತೆಗೆದೆ. ಅವನಿಗೆ ಸಮಾಧಾನ ಹೇಳಬೇಕಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ನಿನ್ನೆ ಜೆಸಿಂತಾಳಿಗೆ ಸಿಕ್ಕಿದ್ದು ಇವತ್ತು ಏನಾಯಿತು?

ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟವರು ನನ್ನ ಅತ್ತೆ ಲೂರ್ದಮ್ಮ. ಅವರು ತಾಲ್ಲೂಕು ಕಚೇರಿಯಲ್ಲಿ ಅಟೆಂಡರ್ ಆಗಿ ನಿವೃತ್ತಿಯಾದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಯೇ ಇದ್ದಾರೆ. ದಿನಾ ಬೆಳಿಗ್ಗೆ ಪೂಜೆಗೆ ಹೋಗುವವರು. ಜ್ವರ ಬಂದರೂ ಪರಮಪ್ರಸಾದ ಬಿಟ್ಟವರಲ್ಲ. ಸುದ್ದಿ ತಿಳಿದ ದಿನ ಅವರು ಊಟ ಬಿಟ್ಟು ಜಪಸರ ಹಿಡಿದು ಕೂತರು. ಸಂಜೆ ಜಪಸರ ಕೆಳಗಿಟ್ಟು ಮಗಳಿಗೆ ಹೇಳಿದರು:

"ಸಾಹೇಬ್ರು ಬದಲಾದ್ರೆ ಅವರು ಬಾಯಲ್ಲಿ ಹೇಳಿದ್ದೆಲ್ಲ ಬಿದ್ದೋಗುತ್ತೆ ಜೆಸಿಂತಾ. ಪೇಪರ್ ಮೇಲಿದ್ರೂ ಹೊಸಬ್ರು ಬಂದು ಮತ್ತೆ ಸೈನ್ ಹಾಕ್ಬೇಕು. ನಾನು ನೋಡಿಲ್ವಾ?"

"ಇದು ತಾಲ್ಲೂಕು ಆಫೀಸ್ ಅಲ್ಲಮ್ಮ."

"ಎಲ್ಲಾ ಆಫೀಸೂ ಒಂದೇ ಕಣೇ."

ನಾನು ನಗಬೇಕೆಂದುಕೊಂಡೆ. ಜೆಸಿಂತಾ ನಗದಿದ್ದುದನ್ನು ನೋಡಿ ನಗು ತಡೆದುಕೊಂಡೆ. ಅವಳು ತಾಯಿಯ ಮಾತನ್ನು ಅರ್ಧ ನಂಬಿದ್ದಳು.

"ಫಾದರ್‌ನೇ ಒಂದ್ಸಲ ಕೇಳ್ಬಿಡು," ಎಂದೆ.

"ಕೇಳಿದ್ರೆ ಇಲ್ಲ ಅಂದ್ಬಿಟ್ರೆ?" ಎಂದಳು.

ಆ ಭಾನುವಾರದ ಪೂಜೆಯಲ್ಲಿ ಒಂದು ವಿಚಿತ್ರ ಗಮನಿಸಿದೆ. ಅಪ್ಪ ಮತ್ತು ದ್ರಾಕ್ಷಾರಸವನ್ನು ಅರ್ಪಿಸುವ ದೀರ್ಘ ಪ್ರಾರ್ಥನೆಯ ನಡುವೆ ಫಾದರ್ ಪೋಪರ ಹೆಸರನ್ನೂ ಬಿಷಪ್ಪರ ಹೆಸರನ್ನೂ ಹೇಳುತ್ತಾರೆ. ಎಷ್ಟೋ ಭಾನುವಾರಗಳಿಂದ ಕೇಳಿ ಕೇಳಿ ಆ ಸಾಲು ನನಗೂ ಬಾಯಿಗೆ ಬಂದಿತ್ತು. ಆ ದಿನ ಪೋಪರ ಹೆಸರು ಬರುವ ಜಾಗದಲ್ಲಿ ಏನೂ ಬರಲಿಲ್ಲ. ಫಾದರ್ ನೇರವಾಗಿ ಬಿಷಪ್ಪರ ಹೆಸರಿಗೆ ಹೋದರು. ಮೆಟ್ಟಿಲು ಇದೆ ಎಂದುಕೊಂಡು ಇಟ್ಟ ಕಾಲು ನೆಲಕ್ಕೆ ತಾಗಿದ ಹಾಗಾಯಿತು. ಜೆಸಿಂತಾಳ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿತು.

"ಕುರ್ಚಿ ಖಾಲಿ ಇದ್ದಾಗ ಹೆಸರು ಹೇಳಂಗಿಲ್ಲ," ಎಂದರು ಅತ್ತೆ, ಹೊರಗೆ ಬಂದ ಮೇಲೆ.

ಚರ್ಚಿನ ಗೇಟಿನಲ್ಲಿ ತೀರಿಹೋದ ಪೋಪರ ಚಿತ್ರದ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಅದರ ನೆರಳಿನಲ್ಲಿ ಗಂಡಸರ ಗುಂಪು. ಮುಂದಿನ ಪೋಪ್ ಆಫ್ರಿಕಾದವರಂತೆ ಎಂದು ಒಬ್ಬ, ಇಟಲಿಯವರೇ ಎಂದು ಇನ್ನೊಬ್ಬ. ನಮ್ಮ ದೇಶದ ಕಾರ್ಡಿನಲ್‌ಗಳೂ ಓಟು ಹಾಕಲು ಹೋಗುತ್ತಾರೆ ಎಂದು ಯಾರೋ ಹೇಳಿದರು.

"ನಮ್ಮೋರೇ ಆಗ್ಬಿಟ್ರೆ ಏನ್ ಗುರು?"

"ಆಗ್ಲಿ ಮಗಾ. ಆಧಾರ್ ಲಿಂಕ್ ಮಾಡ್ಸಿ ಅಂತಾರೆ ಅಷ್ಟೇ."

ನಕ್ಕರು. ನಕ್ಕ ಕೂಡಲೇ ಫ್ಲೆಕ್ಸಿನತ್ತ ನೋಡಿ ಬಾಯಿ ಮುಚ್ಚಿಕೊಂಡರು. ದುಃಖವೂ ಇತ್ತು, ಚುನಾವಣೆಯ ಗಮ್ಮತ್ತೂ ಇತ್ತು; ಎರಡರಲ್ಲಿ ಯಾವುದನ್ನು ತೋರಿಸಬೇಕು ಎಂದು ಅವರಿಗೂ ಗೊತ್ತಾಗುತ್ತಿರಲಿಲ್ಲ.

ಏಪ್ರಿಲ್ ಮುಗಿದು ಮೇ ಬಂತು. ಮಧ್ಯಾಹ್ನ ಉರಿ ಬಿಸಿಲು, ಸಂಜೆ ಇದ್ದಕ್ಕಿದ್ದ ಹಾಗೆ ಗಾಳಿ, ಆಲಿಕಲ್ಲು, ಕರೆಂಟು ಹೋಗುವುದು. ತಣಿಸಂದ್ರದ ರಸ್ತೆಯಲ್ಲಿ ಅಗೆದು ಬಿಟ್ಟ ಗುಂಡಿಗಳೆಲ್ಲ ತುಂಬಿದವು. ಜೆಸಿಂತಾ ತಾನೇ ನಿಶಾಳ ಫ್ರಾಕ್ ಹೊಲಿಯಲು ಕೂತಳು. ಮನೆಯಲ್ಲಿ ಎಲ್ಲಿ ಕೂತರೂ ನೆಟ್ ಬಟ್ಟೆಯ ತುಂಡುಗಳು. ಅವಳು ಹೊಲಿದದ್ದನ್ನು ಬಿಚ್ಚುತ್ತಿದ್ದಳು, ಮತ್ತೆ ಹೊಲಿಯುತ್ತಿದ್ದಳು. ಅಳತೆ ಸರಿಯಾಗಿಯೇ ಇತ್ತು.

ಹೊಸ ಪೋಪ್ ಆಯ್ಕೆಯಾದದ್ದು ಗಡಿಯಲ್ಲಿ ಗುಂಡಿನ ಸದ್ದು ಕೇಳುತ್ತಿದ್ದ ವಾರ. ಟಿವಿಯ ಎಲ್ಲ ಚಾನೆಲ್‌ಗಳಲ್ಲೂ ಸೈರನ್ನು, ವಿಮಾನ, ಕೂಗಾಟ. ಪೋಪರ ಆಯ್ಕೆಯನ್ನು ಹೊಗೆಯ ಬಣ್ಣದಲ್ಲಿ ತಿಳಿಸುವ ರೋಮಿನ ಹೊಗೆಗೊಳವೆ ಒಂದು ಚಾನೆಲ್ಲಿನ ಮೂಲೆಯ ಪುಟ್ಟ ಚೌಕದಲ್ಲಿ ಬಂದು ಮಾಯವಾಯಿತು. ಅದಕ್ಕೇ ನಾವು ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ನೋಡಿದೆವು. ಊಟದ ಹೊತ್ತು. ನಿಶಾ ಫ್ರಾಕ್ ತೊಟ್ಟು ಸ್ಟೂಲಿನ ಮೇಲೆ ನಿಂತಿದ್ದಳು, ಜೆಸಿಂತಾ ಬಾಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು ಅಂಚು ಮಡಿಸುತ್ತಿದ್ದಳು. ಹಿಂದಿನ ದಿನ ಕಪ್ಪು ಹೊಗೆ ಬಂದಿತ್ತು, ಅಂದರೆ ಇನ್ನೂ ಆಯ್ಕೆಯಾಗಿಲ್ಲ ಎಂದು. ಆ ದಿನ ಬಿಳಿ ಬಂತು. ಅತ್ತೆ ನೆಲದಿಂದ ಎದ್ದು ಕೈ ಮುಗಿದು ನಿಂತರು. ಅವರ ಕಣ್ಣಲ್ಲಿ ನೀರು.

"ಯಾರೋ ಏನೋ, ಇನ್ನೂ ಗೊತ್ತೇ ಇಲ್ಲ, ಆಗ್ಲೇ ಅಳ್ತಿದೀಯಲ್ಲಜ್ಜಿ," ಎಂದಳು ನಿಶಾ.

"ಯಾರಾದ್ರೇನು, ನಮ್ಮ ಜಗದ್ಗುರುಗಳು," ಎಂದರು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ ರೋಮಿನಲ್ಲಿ ಹೊಸ ಪೋಪರ ಹೆಸರು ಸಾರಿದರು. ನಮ್ಮ ಮನೆಯಲ್ಲಿ ಯಾರೂ ಕೇಳಿದ ಹೆಸರಲ್ಲ. ಅಮೆರಿಕದವರು ಎಂದು ನಾನು ಓದಿ ಹೇಳಿದೆ. ಅತ್ತೆಯ ಕೈ ಸಡಿಲವಾಯಿತು. "ಅಮೆರಿಕದವ್ರಾ? ಅಲ್ಲಿ ನಮ್ಮ ಕಥೋಲಿಕರೂ ಇದಾರಾ?"

ಆಮೇಲೆ ಹೊಸ ಪೋಪ್ ಬಾಲ್ಕನಿಗೆ ಬಂದರು. ಬಿಳಿ ನಿಲುವಂಗಿಯ ಮೇಲೆ, ಹೆಗಲಿನಿಂದ ಮೊಣಕೈವರೆಗೆ ಕೆಂಪು ಮೇಲ್ವಸ್ತ್ರ. ಅತ್ತೆ ಫೋನನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು.

"ನೋಡೇ, ಕೆಂಪು ಹಾಕ್ಕೊಂಡಿದಾರೆ! ಹೋದೋರು ಬರೀ ಬಿಳೀಲಿ ಬಂದಿದ್ರು. ಇವರು ಹಳೇ ಕ್ರಮದೋರು." ಆ ದನಿಯಲ್ಲಿ ಸಂತೋಷವಿತ್ತು. ಹೇಳಿದ ಮೇಲೆ ಮಗಳ ಮುಖ ನೋಡಿದರು. ಆ ಸಂತೋಷ ಅವರ ಮುಖದ ಮೇಲೆ ಹಾಗೇ ನಿಂತುಹೋಯಿತು, ಎಲ್ಲಿ ಇಡಬೇಕು ಎಂದು ತಿಳಿಯದ ಪಾತ್ರೆಯ ಹಾಗೆ.

ಜೆಸಿಂತಾ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಇಳಿ ನಿಶಾ, ನಾಳೆ ನೋಡೋಣ," ಎಂದಳು.

ಒಂದು ಬಟ್ಟೆಯನ್ನು ನೋಡಿ ಹೀಗೆ ತೀರ್ಮಾನಿಸಬಹುದೇ ಎಂದು ನನಗೆ ಅನಿಸಿತು. ಆದರೆ ಚರ್ಚಿನ ವಾಟ್ಸಾಪ್ ಗುಂಪಿನಲ್ಲೂ ಮರುದಿನವೆಲ್ಲ ಅದೇ ಮಾತು. ಬಡವರ ಜೊತೆ ಕೆಲಸ ಮಾಡಿದವರು ಎಂದು ಒಬ್ಬರು ಹಾಕಿದರೆ, ಕಾನೂನು ಓದಿದವರು, ಕಟ್ಟುನಿಟ್ಟು ಎಂದು ಇನ್ನೊಬ್ಬರು. ಪ್ರತಿಯೊಂದರ ಕೆಳಗೂ ಕೈಮುಗಿದ ಚಿತ್ರಗಳು. ನಾನು ಅದನ್ನೆಲ್ಲ ಅಂಗಡಿಯಲ್ಲಿ ಕೂತು ಓದಿದೆ, ನಮ್ಮ ಮನೆಯ ವಿಷಯಕ್ಕೆ ಸಂಬಂಧಿಸಿದ್ದು ಒಂದಾದರೂ ಇದೆಯೇ ಎಂದು. ಇರಲಿಲ್ಲ.

ಮುಂದಿನ ಭಾನುವಾರ ಪ್ರಾರ್ಥನೆಯ ಆ ಖಾಲಿ ಜಾಗಕ್ಕೆ ಹೆಸರು ಬಂತು. ಫಾದರ್ ಅಭ್ಯಾಸಬಲದಿಂದ ಹಳೆಯ ಪೋಪರ ಹೆಸರನ್ನೇ ಹೇಳಿ, ತಡೆದು, ಹೊಸದನ್ನು ಹೇಳಿದರು. ಜನ ಮೆಲ್ಲಗೆ ನಕ್ಕರು. ಪೂಜೆಯಾದ ಮೇಲೆ ಜೆಸಿಂತಾ ನನ್ನ ತೋಳು ಹಿಡಿದು, "ಬನ್ನಿ, ಕೇಳೇಬಿಡ್ತೀನಿ," ಎಂದಳು.

ಫಾದರ್ ಮನೆಯ ವರಾಂಡದಲ್ಲಿ ರಟ್ಟಿನ ಡಬ್ಬಗಳು. ವರ್ಗಾವಣೆ ಬಂದಿದೆ, ಮೇ ಕೊನೆಗೆ ಹೊಸಬರು ಬರುತ್ತಾರೆ ಎಂದು ಅವರೇ ಹೇಳಿದರು. ಜೆಸಿಂತಾ ನಿಂತೇ ಕೇಳಿದಳು.

"ಫಾದರ್, ನೀವು ಈಸ್ಟರಲ್ಲಿ ಹೇಳಿದ್ದು ಈಗ್ಲೂ ಇದ್ಯಾ?"

"ಇರದೆ ಎಲ್ಲಿ ಹೋಗುತ್ತಮ್ಮ?"

"ಹೊಸ ಪೋಪ್ ಬೇಡ ಅಂದ್ರೆ?"

"ಅವರು ಇನ್ನೂ ಏನೂ ಹೇಳಿಲ್ಲ. ಹೇಳಿದ್ರೂ ಅವರು ನಿಮ್ಮ ಹೆಸರು ಹಿಡಿದು ಹೇಳಲ್ಲ. ನಾನು ಕೊಟ್ಟಿದ್ದು ಪರ್ಮಿಷನ್ ಅಲ್ಲಮ್ಮ. ನಿಮ್ಮ ಮನಸ್ಸು ದೇವರ ಮುಂದೆ ಏನು ಹೇಳುತ್ತೆ ನೋಡ್ಕೊಳಿ ಅಂದೆ, ಅಷ್ಟೇ."

"ನೀವು ಹೋದ್ಮೇಲೆ ಬರೋ ಫಾದರ್ ಏನಂತಾರೆ?"

ಅವರು ಡಬ್ಬದ ಮೇಲಿನ ಹಗ್ಗವನ್ನು ಎಳೆದು ನೋಡಿದರು. "ಅವರು ಬೇರೆ ಥರ ನೋಡ್ಬಹುದು. ನಾನು ಸುಳ್ಳು ಹೇಳಲ್ಲ."

"ಹಾಗಾದ್ರೆ ನಾನು ಯಾರನ್ನ ಕೇಳ್ಲಿ ಫಾದರ್? ಅಲ್ಲಿ ಅವರು ಹೋದ್ರು. ಇಲ್ಲಿ ನೀವು ಹೋಗ್ತಿದೀರ. ನನ್ನ ಮನಸ್ಸನ್ನ ಕೇಳಿದ್ರೆ ಅದು ದಿನಕ್ಕೊಂದು ಹೇಳುತ್ತೆ."

ಫಾದರ್ ಅವಳ ಕಡೆಗೆ ಒಂದು ಕುರ್ಚಿ ಎಳೆದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಅವರ ಕಣ್ಣಲ್ಲೂ ಉತ್ತರ ಹುಡುಕುವವರ ದಣಿವಿತ್ತು.

ಆ ವಾರ ನಿಶಾಳಿಗೆ ಧರ್ಮೋಪದೇಶ ಹೇಳಿಕೊಡುವ ಫಿಲೋ ಟೀಚರ್ ಕನ್ನಡಕದ ಕಾಲು ಸರಿಮಾಡಿಸಲು ಬಂದರು. ಸ್ಕ್ರೂ ಬಿಗಿಮಾಡಿ ಕೊಟ್ಟ ಮೇಲೂ ಹೋಗಲಿಲ್ಲ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ ಎಂದು ಖಚಿತ ಮಾಡಿಕೊಂಡು ಹೇಳಿದರು:

"ತಪ್ಪು ತಿಳ್ಕೋಬೇಡಿ ರಾಜು ಅವ್ರೇ. ಮೊದಲಿಂದಲೂ ಒಂದು ದಾರಿ ಇದೆ. ಒಂದೇ ಮನೇಲಿರಿ, ಮಗು ನೋಡ್ಕೊಳಿ. ಆದ್ರೆ ಅಣ್ಣ ತಂಗಿ ಥರ. ಹಾಗಿದ್ರೆ ಜೆಸಿಂತಾ ಪಾಪನಿವೇದನೆ ಮಾಡಿ ತಗೋಬಹುದು. ಯಾವ ಪೋಪ್ ಬಂದ್ರೂ ಅದು ಬದಲಾಗಲ್ಲ."

ಅವರ ಮುಖ ಕೆಂಪಾಗಿತ್ತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಆ ಮಾತನ್ನು ಮನೆಗೆ ತೆಗೆದುಕೊಂಡು ಹೋದೆ. ಅತ್ತೆ ಇಲ್ಲದ ಹೊತ್ತು ನೋಡಿ ಜೆಸಿಂತಾಳಿಗೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸದೆ, "ಬೇಕಾದ್ರೆ ಸ್ವಲ್ಪ ದಿನ ಜಕ್ಕೂರಲ್ಲಿ ಅಣ್ಣನ ಮನೇಲಿರ್ತೀನಿ. ನಿಶಾದು ಮುಗೀಲಿ," ಎಂದೂ ಸೇರಿಸಿದೆ. ಅವಳ ದಾರಿಯಲ್ಲಿರುವ ಅಡ್ಡಿ ನಾನೇ ಆದರೆ ಪಕ್ಕಕ್ಕೆ ಸರಿಯುವುದು ಸುಲಭ ಎಂದುಕೊಂಡಿದ್ದೆ. ಅವಳು ಸೌಟು ಹಿಡಿದು ನನ್ನನ್ನೇ ನೋಡಿದಳು. ಒಲೆಯತ್ತ ತಿರುಗಿದಳು.

ಅವಳು ಉತ್ತರ ಕೊಟ್ಟದ್ದು ಶನಿವಾರ, ಚರ್ಚಿನ ಅಂಗಳದಲ್ಲಿ. ಅಂದು ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಪಾಪನಿವೇದನೆ. ಒಬ್ಬೊಬ್ಬರೇ ಒಳಗೆ ಹೋಗಿ, ಮಂಡಿಯೂರಿ, ಮಾಡಿದ ಪಾಪಗಳನ್ನು ಫಾದರ್ ಕಿವಿಯಲ್ಲಿ ಹೇಳಿ, ಇನ್ನು ಮಾಡುವುದಿಲ್ಲ ಎಂದು ಮಾತು ಕೊಟ್ಟು ಬರಬೇಕು. ನಿಶಾ ಹೋಗಿ ಬಂದು ಜೋಕಾಲಿಯ ಕಡೆ ಓಡಿದಳು. ಜೆಸಿಂತಾ ಸಾಲಿನಲ್ಲಿ ನಿಂತಿದ್ದಳು. ಅವಳ ಸರದಿ ಬಂದಾಗ ಹಿಂದಿನವರನ್ನು ಮುಂದೆ ಬಿಟ್ಟಳು. ಆಮೇಲೆ ಅವರ ಹಿಂದಿನವರನ್ನು. ಹಾಗೇ ಬಿಡುತ್ತಾ ಬಿಡುತ್ತಾ ಸಾಲಿನಲ್ಲಿ ಅವಳೊಬ್ಬಳೇ ಉಳಿದಳು. ಆಗ ತಿರುಗಿ ನಾನು ನಿಂತಿದ್ದ, ದೇವಮಾತೆಯ ವಿಗ್ರಹವಿರುವ ಕಲ್ಲಿನ ಗವಿಯ ಹತ್ತಿರ ಬಂದಳು. ಅತ್ತೆ ಗವಿಯ ಮುಂದಿನ ಮೆಟ್ಟಿಲಲ್ಲಿ ಕೂತು ಜಪಸರ ಎಣಿಸುತ್ತಿದ್ದರು.

"ಒಳಗೆ ಹೋಗಿ ಏನಂತ ಹೇಳ್ಲಿ ರೀ?" ಎಂದಳು. "ಸಿಟ್ಟು ಮಾಡ್ಕೊಂಡೆ ಅಂತ ಹೇಳ್ಬಹುದು. ಅಮ್ಮನ ಮೇಲೆ ರೇಗಿದೆ ಅಂತ ಹೇಳ್ಬಹುದು. ನಿಮ್ಮನ್ನ ಏನಂತ ಹೇಳ್ಲಿ? ಆ ಮನುಷ್ಯ ಬಿಟ್ಟು ಹೋದ್ಮೇಲೆ ಮೂರು ಹೊತ್ತು ಊಟ ಹಾಕಿ, ಮುಖ ಎತ್ತಿ ಓಡಾಡೋ ಹಾಗೆ ಮಾಡಿದೋರು ನೀವು. ಅದನ್ನ ಪಾಪ ಅಂತ ಹೇಳಿ, ಇನ್ನು ಮಾಡಲ್ಲ ಅಂತ ಹೇಳಿ ನಾನು ದೇವರ ಹತ್ರ ಹೋಗ್ಬೇಕಾ? ನೀವು ಅಣ್ಣನ ಮನೆಗೆ ಹೋಗ್ತೀನಿ ಅಂತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಅತ್ತೆಯ ಬೆರಳು ಜಪಸರದ ಒಂದು ಮಣಿಯ ಮೇಲೆ ನಿಂತಿತ್ತು. ಅವರು ತಲೆ ಎತ್ತಲಿಲ್ಲ.

"ಹಾಗಾದ್ರೆ ನಾಳೆ?" ಎಂದೆ.

"ಗೊತ್ತಿಲ್ಲ," ಎಂದಳು.

ಭಾನುವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ಚರ್ಚಿನೊಳಗೆ ಸೇವಂತಿಗೆ, ಮೇಣ, ಹೊಸ ಬಟ್ಟೆ. ಮಕ್ಕಳು ಸಾಲಾಗಿ ಎದ್ದರು. ನಿಶಾಳ ಎಡಕ್ಕೆ ಜೆಸಿಂತಾ, ಬಲಕ್ಕೆ ನಾನು, ನಮ್ಮ ಹಿಂದೆ ಅತ್ತೆ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಾವಿಬ್ಬರೂ ಆ ಬೆಂಚಿನಿಂದ ಎದ್ದಿದ್ದೆವು. ಜೆಸಿಂತಾ ಏನು ಮಾಡುತ್ತಾಳೆ ಎಂದು ನನಗೆ ಆಗಲೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ, ಹೇಳಲಾರೆ.

ಫಾದರ್ ನಿಶಾಳಿಗೆ ಅಪ್ಪವನ್ನು ತೋರಿಸಿ, "ಕ್ರಿಸ್ತರ ಶರೀರ" ಎಂದರು. ನಿಶಾ ಬೇಕಾದ್ದಕ್ಕಿಂತ ಗಟ್ಟಿಯಾಗಿ ಆಮೆನ್ ಎಂದು ನಾಲಿಗೆ ಚಾಚಿದಳು. ಹಿಂದಿನಿಂದ ಯಾರೋ ನಕ್ಕರು. ಫಾದರ್ ಇನ್ನೊಂದು ಅಪ್ಪ ಕೈಗೆ ತೆಗೆದುಕೊಂಡು ಜೆಸಿಂತಾಳ ಕಡೆ ತಿರುಗಿದರು. ಅವಳ ಕೈಗಳು ಮೇಲೆ ಬಂದವು. ಅಂಗೈ ಚಾಚುತ್ತಾಳೆ ಎಂದುಕೊಂಡೆ. ಒಂದು ಕ್ಷಣ ಅವು ಹಾಗೇ ಇದ್ದವು ಕೂಡ. ಆಮೇಲೆ ಅವುಗಳನ್ನು ಎದೆಯ ಮೇಲೆ ಅಡ್ಡಡ್ಡ ಇಟ್ಟುಕೊಂಡಳು. ಪ್ರಸಾದ ತೆಗೆದುಕೊಳ್ಳಲಾಗದವರು, ಆಶೀರ್ವಾದ ಮಾತ್ರ ಕೇಳುವವರು, ಹಾಗೆ ನಿಲ್ಲುತ್ತಾರೆ. ಫಾದರ್ ಅವಳ ಮುಖವನ್ನು ನೋಡಿದರು. ಅಪ್ಪವನ್ನು ಪಾತ್ರೆಗೆ ಹಿಂದಿರುಗಿಸಿ, ಹೆಬ್ಬೆರಳಿನಿಂದ ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದರು. ನನ್ನ ತಲೆಯ ಮೇಲೆ ಕೈ ಇಟ್ಟರು. ನಾವು ಪಕ್ಕಕ್ಕೆ ಸರಿದೆವು.

ಅತ್ತೆ ಮುಂದೆ ಬಂದರು. ಫಾದರ್ ಅವರನ್ನು ಸರಿಯಾಗಿ ನೋಡಲೂ ಇಲ್ಲ. ದಿನಾ ಕೊಡುವ ಕೈ ತಾನಾಗಿಯೇ ಅಪ್ಪವನ್ನು ಎತ್ತಿ ಹಿಡಿಯಿತು. ಅತ್ತೆ ಬಾಯಿ ತೆರೆಯಲಿಲ್ಲ. ಸೆರಗನ್ನು ಸರಿಮಾಡಿಕೊಂಡು, ಮಗಳು ನಿಂತ ಹಾಗೆಯೇ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಇಟ್ಟುಕೊಂಡರು.

ಫಾದರ್ ಕೈ ಗಾಳಿಯಲ್ಲೇ ನಿಂತಿತು. "ಅಮ್ಮಾ?" ಎಂದರು ಮೆಲ್ಲಗೆ.

"ಇವತ್ತು ಆಶೀರ್ವಾದ ಸಾಕು ಸಾಮಿ," ಎಂದರು ಅತ್ತೆ.

ಚರ್ಚಿನ ಹಾಲಿನಲ್ಲಿ ಮಕ್ಕಳಿಗೆ ಕೇಕು, ದೊಡ್ಡವರಿಗೆ ಪಲಾವು. ಜೆಸಿಂತಾ ನಿಶಾಳನ್ನು ಫೋಟೋ ತೆಗೆಸಲು ಕರೆದೊಯ್ದಿದ್ದಳು. ನಾನು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಕೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ ಕೇಳಿದೆ.

"ಅತ್ತೆ, ನೀವ್ಯಾಕೆ ತಗೊಳ್ಳಿಲ್ಲ?"

ಅವರು ಪಲಾವಿನಿಂದ ಒಂದು ಲವಂಗವನ್ನು ಹುಡುಕಿ ತಟ್ಟೆಯ ಅಂಚಿಗಿಟ್ಟರು. "ಅವಳೊಬ್ಳೇ ಹಾಗೆ ಕೈ ಕಟ್ಕೊಂಡು ನಿಂತ್ರೆ ಇಡೀ ಚರ್ಚು ಅವಳನ್ನೇ ನೋಡುತ್ತೆ. ಇಬ್ರು ನಿಂತ್ರೆ ಯಾರನ್ನ ನೋಡ್ಬೇಕು ಅಂತ ಗೊತ್ತಾಗಲ್ಲ ಅವರಿಗೆ."

ಇನ್ನೊಂದು ತುತ್ತು ತಿಂದರು. ಆಮೇಲೆ, "ಹೊಸ ಸಾಮಿ ಬರ್ಲಿ ಅಳಿಯಂದ್ರೆ, ನಾನೇ ಹೋಗಿ ಕೇಳ್ತೀನಿ. ನಂಗೇನು ಭಯ? ಎಂತೆಂಥ ತಹಸೀಲ್ದಾರ್‌ಗಳನ್ನ ನೋಡಿದೀನಿ," ಎಂದರು.

"ಏನಂತ ಕೇಳ್ತೀರ?"

ಅವರು ಉತ್ತರ ಕೊಡಲು ಬಾಯಿ ತೆರೆದರು. ಕೈಯಲ್ಲಿದ್ದ ಚಮಚ ಕೆಳಗಿಳಿಯಿತು. ಎದುರಿಗೆ ಬಿಳಿ ಫ್ರಾಕುಗಳ ನಡುವೆ ಜೆಸಿಂತಾ ಮಗಳ ಮುಡಿಯ ಹೂವನ್ನು ಸರಿಮಾಡುತ್ತಿದ್ದಳು. ಅತ್ತೆ ತಟ್ಟೆಯನ್ನು ಮಡಿಲಿಗಿಟ್ಟು ಅವಳನ್ನೇ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ನೀವೇ ಹೇಳಿ ಅಳಿಯಂದ್ರೆ," ಎಂದರು. "ಏನಂತ ಕೇಳೋದು?"